ರೈನೋ: ಕಪ್ಪು ಮೆಟೀರಿಯಲ್ ಹಾಕಿದರೆ ಕೆಟಲ್ ಮೇಲಿನ ಹೊಳಪು ಮುರಿಯುತ್ತಿದೆ

ಬೀದರ್_ಸ್ಕೆಚ್:
ಎಲ್ಲರಿಗೂ ನಮಸ್ಕಾರ. ಬೀದರಿನವನು, ರೈನೋ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಸರ್ಫೇಸ್ ಮಾಡೆಲಿಂಗ್ ಸ್ವಂತವಾಗಿ ಕಲಿಯುತ್ತಿದ್ದೇನೆ. ಪೋರ್ಟ್‌ಫೋಲಿಯೋಗೆ ಅಂತ ಒಂದು ಎಲೆಕ್ಟ್ರಿಕ್ ಕೆಟಲ್. ಮೈಯೆಲ್ಲ ಬಿದ್ರಿ ಕಪ್ಪು, ಹೊಟ್ಟೆ ಮೇಲೆ ಬೆಳ್ಳಿ ಬಳ್ಳಿ. ಬೂದು ಬಣ್ಣದಲ್ಲಿ ಚೆನ್ನಾಗೇ ಇತ್ತು. ಹೊಳೆಯುವ ಕಪ್ಪು ಹಾಕಿದ ಕೂಡಲೇ ಮೂತಿ ಸೇರುವ ಕಡೆ ಹೊಳಪಿನ ಗೆರೆ ಪಟ್ಟನೆ ತಿರುಗುತ್ತಿದೆ, ಹೊಟ್ಟೆ ಮೇಲೆ ಸಣ್ಣ ಸಣ್ಣ ಅಲೆ. ಮೈ ನೆಟ್‌ವರ್ಕ್‌ಸರ್ಫ್ (ಕರ್ವ್‌ಗಳ ಜಾಲದ ಮೇಲೆ ಸರ್ಫೇಸ್ ಹಾಸುವ ಕಮಾಂಡ್), ಅರ್ಧ ಮಾಡಿ ಮಿರರ್. ಮೂತಿ ಸೇರುವ ಅಂಚು ದುಂಡಗಾಗಲು 8 ಮಿ.ಮೀ. ಫಿಲೆಟ್. ರೀಬಿಲ್ಡ್‌ನಲ್ಲಿ (ಆಕಾರ ಹಿಡಿದಿಡುವ ಕಂಟ್ರೋಲ್ ಪಾಯಿಂಟ್‌ಗಳನ್ನು ಹೊಸದಾಗಿ ಹಂಚುವ ಕಮಾಂಡ್) ಪಾಯಿಂಟ್ ಜಾಸ್ತಿ ಕೊಟ್ಟರೂ ಅಲೆ ಹೋಗುತ್ತಿಲ್ಲ.

ಗೆರೆ_ಕಲಬುರಗಿ:
ಮೊದಲು ಇದು ಸರ್ಫೇಸಿನ ದೋಷವೋ, ಅದನ್ನು ತೆರೆ ಮೇಲೆ ತೋರಿಸುವ ಮೆಶ್‌ನ (ಸಣ್ಣ ಚಪ್ಪಟೆ ತುಂಡುಗಳ ಜಾಲ) ದೋಷವೋ ನೋಡಿಕೊಳ್ಳಿ. ಜೀಬ್ರಾ (ಸರ್ಫೇಸ್ ಮೇಲೆ ಪಟ್ಟೆ ಬೀಳಿಸಿ ನುಣುಪು ನೋಡುವ ಪರೀಕ್ಷೆ) ಆನ್ ಮಾಡಿ, ಅಲ್ಲೇ ಮೆಶ್ ಇನ್ನೂ ಸಣ್ಣದು ಮಾಡಿ. ಅಲೆ ಹೋದರೆ ಸರ್ಫೇಸ್ ಸರಿಯಿದೆ.

ಮೂತಿಗೆ ಬರೋಣ. ಜೀಬ್ರಾ ಪಟ್ಟೆಗಳು ಅಂಚಿನಲ್ಲಿ ಕೂಡುತ್ತವೆ, ಆದರೆ ಅಲ್ಲೇ ಮೂಲೆಯಾಗಿ ತಿರುಗುತ್ತವೆ ಅಂದರೆ ಅದು ಜಿ1, ಅಂದರೆ ದಿಕ್ಕು ಕೂಡುತ್ತದೆ, ಬಾಗು ಕೂಡುವುದಿಲ್ಲ. ಫಿಲೆಟ್ ಹಾಕಿದರೆ ಸಿಗುವುದು ಅಷ್ಟೇ. ಅಡ್ಡ ಸೀಳಿ ನೋಡಿ, ವೃತ್ತದ ಒಂದು ತುಂಡು. ಮೈಯ ಬಾಗು ಅಂಚಿಗೆ ಬಂದ ತಕ್ಷಣ ಫಿಲೆಟ್ ಬಾಗಿಗೆ ಹಾರುತ್ತದೆ. ಬೂದು ಬಣ್ಣ ಇದನ್ನು ಮುಚ್ಚಿಡುತ್ತದೆ, ಕಪ್ಪು ಹೊಳಪು ಮುಚ್ಚಿಡುವುದಿಲ್ಲ.

ಫಿಲೆಟ್ ಅಳಿಸಿ. ಮೂತಿಯೂ ಮೈಯೂ ಕೂಡುವ ಗೆರೆ ತೆಗೆದು, ಅದರ ಸುತ್ತ 10–12 ಮಿ.ಮೀ. ತ್ರಿಜ್ಯದ ಪೈಪ್ ಹಾಕಿ. ಆ ಪೈಪ್‌ನಿಂದ ಎರಡನ್ನೂ ಟ್ರಿಮ್ ಮಾಡಿ. ಉಳಿದ ಸಂದಿಗೆ ಬ್ಲೆಂಡ್‌ಸರ್ಫ್ (ಎರಡು ಅಂಚುಗಳನ್ನು ಬೆಸೆಯುವ ಕಮಾಂಡ್), ಎರಡೂ ಕಡೆ ಕರ್ವೇಚರ್, ಅಂದರೆ ಬಾಗೂ ಕೂಡುವ ಜಿ2. ಸಂದಿಗೆ ಜಿಪುಣತನ ಬೇಡ, ಅಗಲ ಇದ್ದಷ್ಟೂ ಹೊಳಪು ಸಾವಕಾಶ ಹರಿಯುತ್ತದೆ.

ಹೊಟ್ಟೆಯ ಅಲೆ ಬಹುಶಃ ಮೂಲ ಕರ್ವ್‌ಗಳಲ್ಲೇ ಇದೆ. ಪಾಯಿಂಟ್ ಹೆಚ್ಚಿಸಿದರೆ ಅದೇ ಅಲೆ ಇನ್ನಷ್ಟು ಭದ್ರವಾಗಿ ಕೂರುತ್ತದೆ. ಕರ್ವೇಚರ್ ಗ್ರಾಫ್ ಹಾಕಿ, ಎಲ್ಲಿ ಎಷ್ಟು ಬಾಗಿದೆ ಅಂತ ಕಡ್ಡಿಗಳಲ್ಲಿ ತೋರಿಸುತ್ತದೆ. ಕಡ್ಡಿಗಳು ಏರಿಳಿದರೆ ಆ ಕರ್ವ್ ಬಿಸಾಕಿ. ಹೊಸದು ಡಿಗ್ರಿ 5, ಪಾಯಿಂಟ್ 6, ಒಂದೇ ಸ್ಪ್ಯಾನ್ (ನಡುವೆ ಜೋಡಣೆಯಿಲ್ಲದ ಒಂದೇ ತುಂಡು). ಜಿ2 ಜೋಡಣೆಗೆ ಪ್ರತಿ ತುದಿಯಲ್ಲೂ 3 ಪಾಯಿಂಟ್ ಬೇಕು: ಜಾಗಕ್ಕೊಂದು, ದಿಕ್ಕಿಗೊಂದು, ಬಾಗಿಗೊಂದು. 6 ಇದ್ದರೆ ಒಂದು ತುದಿ ಸರಿಮಾಡುವಾಗ ಇನ್ನೊಂದು ಕೆಡುವುದಿಲ್ಲ. ನಿಮ್ಮ ಬಳ್ಳಿಗೂ ಇದು ಮುಖ್ಯ. ಫ್ಲೋಅಲಾಂಗ್‌ಸರ್ಫ್ ಡಿಸೈನನ್ನು ಸರ್ಫೇಸಿನ ಒಳಗೆರೆಗಳ ಪ್ರಕಾರ ಹಾಸುತ್ತದೆ. ಗೆರೆ ಒಂದು ಕಡೆ ಗುಂಪುಗೂಡಿದ್ದರೆ ಎಲೆಗಳು ಅಲ್ಲಿ ಮುದುಡುತ್ತವೆ.

ಸಬ್‌ಡಿ_ಹುಡುಗ:
ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ಸಬ್‌ಡಿವಿಷನ್ (ಮೆಶ್ ಒಡೆದು ನುಣುಪು ಮಾಡೋದು) ಹಾಕಿದರೆ ಬೇಗ ಮುಗಿಯುತ್ತೆ ಅಲ್ವಾ? ಸುಮ್ನೆ ಯಾಕೆ ಒದ್ದಾಟ?

ಗೆರೆ_ಕಲಬುರಗಿ:
ಚಿತ್ರಕ್ಕಷ್ಟೇ ಆದರೆ ಧಾರಾಳವಾಗಿ ಮಾಡಿ. ಮೋಲ್ಡ್ ಮಾಡುವವರು ಸ್ಟೆಪ್ ಫೈಲ್ ಕೇಳುತ್ತಾರೆ, ಅದರಲ್ಲಿ ಮೆಶ್ ಅಲ್ಲ, ನಿಖರ ಸರ್ಫೇಸ್ ಬೇಕು. ಅಲ್ಲದೆ ಪ್ರಶ್ನೆ ಕೇಳಿದವರು ಕಲಿಯಬೇಕು ಅಂತಿರುವುದೇ ಸರ್ಫೇಸ್ ಮಾಡೆಲಿಂಗ್.

ಕೋಟೆ_ಮಣ್ಣು:
ನಮ್ಮ ಮನೆಯಲ್ಲಿ ಬಿದ್ರಿ ಕೆಲಸ. ಸತು-ತಾಮ್ರದ ಮೈ, ಕೋಟೆ ಮಣ್ಣು ಮತ್ತು ನವಸಾಗರದಿಂದ ಕಪ್ಪಾಗುತ್ತದೆ, ಕೊನೆಗೆ ಎಣ್ಣೆ ಒರೆಸುತ್ತೇವೆ. ಮಿರುಗುವುದು ಬೆಳ್ಳಿ, ಕಪ್ಪಲ್ಲ. ನಿಮ್ಮ ರೆಂಡರ್ ಕಾರಿನ ಪೇಂಟ್ ಥರ ಇದೆ ತಮ್ಮಾ. ಮೆಟೀರಿಯಲ್‌ನ ರಫ್‌ನೆಸ್ ಏರಿಸಿ, ಹೊಳಪು ಇಳಿಯುತ್ತದೆ.

ಗೆರೆ_ಕಲಬುರಗಿ:
ಒಪ್ಪಿದೆ, ಆದರೆ ಕೊನೆಗೆ ಏರಿಸಿ. ಈಗಲೇ ಏರಿಸಿದರೆ ದೋಷ ಕಾಣದೆ ಉಳಿಯುತ್ತದೆ.

ಬೀದರ್_ಸ್ಕೆಚ್:
ಮೂತಿ ಸರಿಹೋಯಿತು ಅಣ್ಣಾ! ಹೊಸ ಕರ್ವ್‌ಗಳಿಂದ ಹೊಟ್ಟೆಯೂ ನುಣುಪಾಯಿತು. ಈಗ ಮಿರರ್ ಮಾಡಿದ ಮಧ್ಯದಲ್ಲಿ ಮೇಲಿಂದ ಕೆಳಗೆ ತೆಳ್ಳಗೆ ಒಂದು ಏಣು ಕಾಣುತ್ತಿದೆ.

ಗೆರೆ_ಕಲಬುರಗಿ:
ಪಾಯಿಂಟ್ ಆನ್ ಮಾಡಿ. ಮೊದಲ ಸಾಲು ಮಿರರ್ ಪ್ಲೇನ್ ಮೇಲೇ ಇರಬೇಕು. ಎರಡನೇ ಸಾಲಿನ ಪ್ರತಿ ಪಾಯಿಂಟ್ ತನ್ನ ಜೊತೆಯ ಪಾಯಿಂಟ್‌ನಿಂದ ಪ್ಲೇನ್‌ಗೆ ಲಂಬವಾಗಿ ಹೊರಡಬೇಕು. ನಿಮ್ಮದು ಸ್ವಲ್ಪ ವಾಲಿರಬೇಕು, ಅದೇ ಏಣು. ಅದು ನೇರವಾದರೆ ಎರಡೂ ಅರ್ಧ ತಾನಾಗೇ ಜಿ2 ಆಗುತ್ತವೆ, ಮ್ಯಾಚ್‌ಸರ್ಫ್ (ಅಂಚುಗಳನ್ನು ಹೊಂದಿಸುವ ಕಮಾಂಡ್) ಬೇಕಿಲ್ಲ. ಆಮೇಲೂ ಗ್ರಾಫ್‌ನಲ್ಲಿ ಮೊನೆ ಉಳಿದರೆ ಮೂರನೇ ಸಾಲನ್ನು ಒಂಚೂರು ಸರಿಸಿ ನೋಡಿ. ಕೆಟಲ್‌ಗೆ ಜಿ3 (ಬಾಗು ಬದಲಾಗುವ ವೇಗವೂ ಕೂಡುವ ಜೋಡಣೆ) ಬೆನ್ನು ಹತ್ತಬೇಡಿ.