ನಾರಾ ನಗರದ ಹಳೆಯ ಬೌದ್ಧ ದೇವಾಲಯಗಳು: ಎರಡು ದಿನದಲ್ಲಿ ಯಾವುದನ್ನು ಮೊದಲು ನೋಡಬೇಕು?

ತುಂಗಾತೀರ

ಏಪ್ರಿಲ್ ಕೊನೆಯಲ್ಲಿ ಅಮ್ಮನ ಜೊತೆ ಜಪಾನಿಗೆ ಹೊರಟಿದ್ದೇವೆ. ಉಳಿಯುವುದು ಕ್ಯೋಟೋದಲ್ಲಿ, ನಾರಾಕ್ಕೆ ಎರಡು ದಿನ ಇಟ್ಟುಕೊಂಡಿದ್ದೇವೆ. ಹೆಚ್ಚಿನವರು ದೊಡ್ಡ ಬುದ್ಧನಿರುವ ತೋದಾಯಿಜಿ ದೇವಾಲಯ ನೋಡಿ, ಜಿಂಕೆಗಳಿಗೆ ತಿನ್ನಿಸಿ ಸಂಜೆಗೆ ವಾಪಸು ಬನ್ನಿ ಎನ್ನುತ್ತಾರೆ. ನಮಗೆ ಆಸಕ್ತಿ ಇರುವುದು ಶಿಲ್ಪ ಮತ್ತು ಹಳೆಯ ಮರದ ಕಟ್ಟಡಗಳಲ್ಲಿ. ಯಾವ ಕ್ರಮದಲ್ಲಿ ಹೋಗಬೇಕು? ಜೆ.ಆರ್. (ಜಪಾನ್ ರೈಲ್ವೇಸ್) ಪಾಸ್ ಎಲ್ಲ ಕಡೆ ನಡೆಯುತ್ತದೆಯೇ? ಅಮ್ಮನಿಗೆ ಮಂಡಿನೋವು. ಊಟ ಶುದ್ಧ ಸಸ್ಯಾಹಾರ, ಮೀನಿನ ಸೋಂಕೂ ಇರಬಾರದು.

ಅಂಕಣ

ಜಿಂಕೆ ಪಾರ್ಕಿನಿಂದ ಶುರುಮಾಡಬೇಡಿ. ಅತಿ ಹಳೆಯ ಕಟ್ಟಡಗಳು ಅಲ್ಲಿಲ್ಲ. ತೋದಾಯಿಜಿಯ ವೈರೋಚನ ಬುದ್ಧನಿಗೆ 752ರಲ್ಲಿ ಕಣ್ಣು ಬರೆದವನು ಭಾರತದಿಂದ ಹೋಗಿದ್ದ ಭಿಕ್ಷು ಬೋಧಿಸೇನ. ಆದರೆ ಈಗ ಕಾಣುವ ತಲೆ 17ನೇ ಶತಮಾನದ್ದು, ಮಂಟಪ 1709ರದ್ದು. 1180 ಮತ್ತು 1567ರ ಯುದ್ಧಗಳಲ್ಲಿ ಸುಟ್ಟುಹೋದ ಮೇಲೆ ಕಟ್ಟಿದ್ದರಿಂದ ಹನ್ನೊಂದು ಅಂಕಣದ ಅಗಲ ಏಳಕ್ಕೆ ಇಳಿದಿದೆ. ಅಷ್ಟಾದರೂ ಒಳಗೆ ನಿಂತರೆ ಎದೆ ತುಂಬುತ್ತದೆ, ಬಿಡಬೇಡಿ.

ಮೊದಲ ದಿನ ಬೆಳಿಗ್ಗೆ ಹೋರ್ಯೂಜಿ. ನಾರಾದಿಂದ ನೈಋತ್ಯಕ್ಕೆ, ಇಕಾರುಗಾ ಎಂಬ ಊರಿನಲ್ಲಿದೆ. 607ರ ಮೂಲ ದೇವಾಲಯ 670ರಲ್ಲಿ ಬೆಂಕಿಗೆ ಹೋಯಿತು. ನಂತರ ಎದ್ದ ಕೊಂದೋ (ಮುಖ್ಯ ಮಂಟಪ) ಮತ್ತು ಐದು ನೆಲೆಯ ಗೋಪುರ ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಮರದ ಕಟ್ಟಡಗಳು. ಗೋಪುರವನ್ನು ಹೊರಗಿನಿಂದ ನೋಡಿ ಹೊರಟುಬಿಡುವುದು ಎಲ್ಲರೂ ಮಾಡುವ ತಪ್ಪು. ಬುಡದ ನಾಲ್ಕೂ ಬಾಗಿಲಲ್ಲಿ ಜಾಲರಿಯ ಹಿಂದೆ 711ರ ಮಣ್ಣಿನ ಶಿಲ್ಪಗಳಿವೆ. ಉತ್ತರದ ಬಾಗಿಲಲ್ಲಿ ಬುದ್ಧನ ಪರಿನಿರ್ವಾಣ, ಸುತ್ತ ಬಾಯ್ತೆರೆದು ಗೋಳಿಡುವ ಶಿಷ್ಯರು. ಒಳಗೆ ಕತ್ತಲೆ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣದು, ಒಂದೆರಡು ನಿಮಿಷ ಅಲ್ಲೇ ನಿಲ್ಲಿ. ಸಣ್ಣ ದುರ್ಬೀನು ಇದ್ದರೆ ಒಳ್ಳೆಯದು.

ಕೊಂದೋದಲ್ಲಿ 623ರ ಕಂಚಿನ ಶಾಕ್ಯಮುನಿ ತ್ರಯ ಇದೆ. ಗೋಡೆಯ ಚಿತ್ರಗಳು ಮಾತ್ರ ಮೂಲದವಲ್ಲ. ಅಜಂತಾ ಬಲ್ಲವರಿಗೆ ಕೂಡಲೇ ಪರಿಚಿತವೆನಿಸುವ ಆ ಚಿತ್ರಗಳು 1949ರ ಜನವರಿ 26ರ ಬೆಂಕಿಯಲ್ಲಿ ಹಾಳಾದವು, ಈಗಿನವು ಪ್ರತಿಕೃತಿ. ಪೂರ್ವದ ಆವರಣದ ಯುಮೆದೊನೊ ಎಂಬ ಮಂಟಪದಲ್ಲಿರುವ ಗುಜೆ ಕನ್ನೊನ್, ಅಂದರೆ ಅವಲೋಕಿತೇಶ್ವರ, ವರ್ಷದ ಹೆಚ್ಚಿನ ಕಾಲ ಮುಚ್ಚಿರುತ್ತದೆ. ದರ್ಶನ ಏಪ್ರಿಲ್ 11ರಿಂದ ಮೇ 18, ಅಕ್ಟೋಬರ್ 22ರಿಂದ ನವೆಂಬರ್ 22. ನಿಮ್ಮ ದಿನಾಂಕ ಸರಿಯಾಗಿ ಒದಗಿದೆ.

ಎರಡನೇ ದಿನ ನಿಶಿನೋಕ್ಯೋ. ಅಲ್ಲಿನ ಯಾಕುಶಿಜಿಯ ಪೂರ್ವ ಗೋಪುರ 730ರದ್ದು. ಆರು ನೆಲೆಯಂತೆ ಕಂಡರೂ ಇರುವುದು ಮೂರೇ, ಪ್ರತಿ ನೆಲೆಗೂ ಕೆಳಗೊಂದು ಸಣ್ಣ ಮಾಡು ಸೇರಿಸಿದ್ದಾರೆ. ಉತ್ತರಕ್ಕೆ ಹತ್ತು ನಿಮಿಷ ನಡೆದರೆ ತೋಶೋದಾಯಿಜಿ, ಚೀನಾದಿಂದ ಬಂದ ಗುರು ಗಾಂಜಿನ್ 759ರಲ್ಲಿ ಸ್ಥಾಪಿಸಿದ್ದು. ಅದರ ಕೊಂದೋ 8ನೇ ಶತಮಾನದ್ದು. ಒಳಗಿನ ಸಹಸ್ರಭುಜ ಕನ್ನೊನ್‌ಗೆ 953 ಕೈಗಳು ಉಳಿದಿವೆ. ನನ್ನ ಮಟ್ಟಿಗೆ ನಾರಾದಲ್ಲಿ ಇದಕ್ಕಿಂತ ಚೆಂದದ ಮಂಟಪವಿಲ್ಲ. ಮಧ್ಯಾಹ್ನ ತೋದಾಯಿಜಿ.

ಹಳಿಯ ಮೇಲೆ

ಪಾಸಿನ ವಿಷಯ. ಹೋರ್ಯೂಜಿಗೆ ನಡೆಯುತ್ತದೆ: ಕ್ಯೋಟೋದಿಂದ ಮಿಯಾಕೋಜಿ ರ‍್ಯಾಪಿಡ್‌ನಲ್ಲಿ ನಾರಾಕ್ಕೆ ಸುಮಾರು 45 ನಿಮಿಷ, ಅಲ್ಲಿಂದ ಯಮಾತೊಜಿ ಮಾರ್ಗದಲ್ಲಿ ಹನ್ನೆರಡು ನಿಮಿಷ. ಹೋರ್ಯೂಜಿ ನಿಲ್ದಾಣದಿಂದ ದೇವಾಲಯಕ್ಕೆ ನಡೆದರೆ ಇಪ್ಪತ್ತು ನಿಮಿಷ. ಅಮ್ಮನಿಗಾಗಿ ಬಸ್ಸು ಹಿಡಿಯಿರಿ.

ನಿಶಿನೋಕ್ಯೋಗೆ ನಡೆಯುವುದಿಲ್ಲ. ಅದು ಕಿಂತೆತ್ಸು ಎಂಬ ಖಾಸಗಿ ರೈಲಿನ ದಾರಿ. ಕ್ಯೋಟೋದಿಂದ ಬಂದು ಯಮಾತೊ-ಸಾಯಿದಾಯಿಜಿಯಲ್ಲಿ ಕಾಶಿಹಾರಾ ಮಾರ್ಗಕ್ಕೆ ಬದಲಿಸಿದರೆ ಎರಡನೇ ನಿಲ್ದಾಣ. ಯಾಕುಶಿಜಿ ಎದುರಿಗೇ ಇದೆ. ಈ ಎರಡು ದಿನಕ್ಕಾಗಿಯೇ ದುಬಾರಿ ಪಾಸ್ ಕೊಳ್ಳಬೇಡಿ, ಗಿಟ್ಟುವುದಿಲ್ಲ.

ಮಂಡಿಗೆ ತೊಂದರೆ ಕೊಡುವುದು ಮೆಟ್ಟಿಲಿಗಿಂತ ಜಲ್ಲಿ. ಹೋರ್ಯೂಜಿಯ ಆವರಣಗಳಲ್ಲಿ ಸಡಿಲ ಜಲ್ಲಿಯ ದಾರಿ ಉದ್ದಕ್ಕಿದೆ, ಪಶ್ಚಿಮದಿಂದ ಪೂರ್ವದ ಆವರಣಕ್ಕೂ ದೂರ. ತೆಳು ಅಟ್ಟೆಯ ಚಪ್ಪಲಿ ಬೇಡ. ಬಾಗಿಲುಗಳ ಹೊಸ್ತಿಲು ಎತ್ತರ, ಅದನ್ನು ತುಳಿಯದೆ ದಾಟಬೇಕು. ನಮ್ಮ ಮನೆಗಳ ರೂಢಿಯೇ ಅಲ್ಲೂ.

ಟಿಕೆಟ್ಟು: ಹೋರ್ಯೂಜಿ 2025ರ ಮಾರ್ಚಿನಿಂದ 2,000 ಯೆನ್, ತೋದಾಯಿಜಿಯ ದೊಡ್ಡ ಬುದ್ಧನ ಮಂಟಪ 800 ಯೆನ್. ತೋದಾಯಿಜಿಯಲ್ಲಿ ಹೊಕ್ಕೆದೋ, ಕೈದಾನ್‌ದೋ ಎಂಬ ಮಂಟಪಗಳಿಗೆ ಬೇರೆ ಬೇರೆ ಟಿಕೆಟ್. ನಗದು ಇಟ್ಟುಕೊಳ್ಳಿ. ಏಪ್ರಿಲ್ 29ರಿಂದ ಅವರ ಸಾಲುರಜೆ ಶುರು, ಅದಕ್ಕೂ ಮೊದಲೇ ಮುಗಿಸುವುದು ಮೇಲು.

ತುಂಗಾತೀರ

ತುಂಬಾ ಉಪಕಾರವಾಯಿತು. ಹೋರ್ಯೂಜಿ, ನಿಶಿನೋಕ್ಯೋ ಒಂದೇ ದಿನ ಮುಗಿಸಿದರೆ ತೋದಾಯಿಜಿಗೆ ಪೂರ್ತಿ ದಿನ ಸಿಗುತ್ತದಲ್ಲವೇ?

ಹಳಿಯ ಮೇಲೆ

ಆಗುತ್ತದೆ. ಹೋರ್ಯೂಜಿಯಿಂದ ಬಸ್ಸಿನಲ್ಲಿ ಕಿಂತೆತ್ಸುವಿನ ತ್ಸುತ್ಸುಯಿ ನಿಲ್ದಾಣಕ್ಕೆ, ಅಲ್ಲಿಂದ ಉತ್ತರಕ್ಕೆ ರೈಲು. ಆದರೆ ತೋಶೋದಾಯಿಜಿಯ ಕೊನೆಯ ಪ್ರವೇಶ 4.30ಕ್ಕೆ. ಹೋರ್ಯೂಜಿ 8ಕ್ಕೆ ತೆರೆಯುತ್ತದೆ. ಆಗಲೇ ಅಲ್ಲಿರದಿದ್ದರೆ ಕೊನೆಯಲ್ಲಿ ಓಡಬೇಕಾಗುತ್ತದೆ. ಅಮ್ಮನ ಜೊತೆ ಬೇಡ ಎನ್ನುತ್ತೇನೆ.

ಅಂಕಣ

ನಾನೂ ಅದನ್ನೇ ಹೇಳುವೆ. ತೋದಾಯಿಜಿಯಲ್ಲಿ ಸಮಯ ಕಡಿಮೆಯಾದರೆ ಬುದ್ಧನ ಮಂಟಪದ ನಂತರ ಕೈದಾನ್‌ದೋ ಒಂದನ್ನು ನೋಡಿ. ಮಣ್ಣಿನ ನಾಲ್ವರು ದಿಕ್ಪಾಲಕರು: ಧೃತರಾಷ್ಟ್ರ, ವಿರೂಢಕ, ವಿರೂಪಾಕ್ಷ, ವೈಶ್ರವಣ. ಸುತ್ತ ಬಂದು ಒಬ್ಬೊಬ್ಬರ ಹುಬ್ಬುಗಂಟನ್ನು ನೋಡಿ. ಕೋಫುಕುಜಿ ದೇವಾಲಯದ ಗೋಪುರಕ್ಕೆ ದುರಸ್ತಿಯ ಹೊದಿಕೆ ಹಾಕಿದ್ದಾರೆ, ಅದಕ್ಕಾಗಿ ಹೋಗಬೇಡಿ. ಅದೇ ಆವರಣದ ಸಂಗ್ರಹಾಲಯದಲ್ಲಿ ಮೂರು ಮುಖ, ಆರು ಕೈಗಳ ಅಸುರ (734) ಇದೆ. ಗರುಡ, ಗಂಧರ್ವರೂ ಅದೇ ಸಾಲಿನಲ್ಲಿ.

ಸೊಪ್ಪುಸಾರು

ಊಟದ ಬಗ್ಗೆ ಯಾರೂ ಹೇಳಿಲ್ಲ. ಜಪಾನಿನಲ್ಲಿ ‘ಮಾಂಸ ಬೇಡ’ ಎಂದರೆ ಸಾಲದು. ಉದೊನ್, ಸೋಬಾ ಎಂಬ ನೂಡಲ್ಸ್, ಮಿಸೊ ಸಾರು ಎಲ್ಲದರ ತಳದಲ್ಲಿ ದಾಶಿ ಎಂಬ ಕಟ್ಟು ಇರುತ್ತದೆ, ಅದು ಸಾಮಾನ್ಯವಾಗಿ ಒಣಮೀನಿನದು. ಬರಿಯ ತರಕಾರಿ ಕಂಡ ಬಟ್ಟಲಲ್ಲೂ ಅದು ಇರಬಹುದು. ‘ಕತ್ಸುವೊ ದಾಶಿ ಇದೆಯೇ’ ಎಂದೇ ಕೇಳಿ, ಜಪಾನಿ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ.

ನಾರಾದಲ್ಲಿ ಎಲ್ಲೆಲ್ಲೂ ಸಿಗುವ ಕಾಕಿನೋಹಾ ಸುಶಿ ಎಲೆಯಲ್ಲಿ ಸುತ್ತಿದ ಅನ್ನ. ನೋಡಲು ನಮ್ಮ ಕಡುಬಿನಂತಿದ್ದರೂ ಒಳಗೆ ಬಂಗಡೆ ಅಥವಾ ಸಾಲ್ಮನ್. ನಾರಾಜುಕೆ ಉಪ್ಪಿನಕಾಯಿ ತರಕಾರಿಯದೇ, ಆದರೆ ಅಕ್ಕಿಮದ್ಯದ ಗಸಿಯಲ್ಲಿ ನೆನೆಸಿದ್ದು. ನಂಬಬಹುದಾದದ್ದು ಭಿಕ್ಷುಗಳ ಅಡುಗೆಯ ಪದ್ಧತಿಯಾದ ಶೋಜಿನ್ ರ್ಯೋರಿ: ಸಾರಿಗೆ ಕೊಂಬು ಎಂಬ ಕಡಲಪಾಚಿ ಮತ್ತು ಅಣಬೆ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮುಂಗಡ ಹೇಳದೆ ಹೆಚ್ಚಿನ ಕಡೆ ಸಿಗುವುದಿಲ್ಲ. ಹೋರ್ಯೂಜಿ ದಿನ ಬುತ್ತಿ ಕಟ್ಟಿಕೊಂಡೇ ಹೊರಡಿ. ತೋದಾಯಿಜಿ ದಿನ ಬುತ್ತಿಯ ಜೊತೆ ನಕ್ಷೆ, ಟಿಕೆಟ್ಟುಗಳನ್ನೂ ಜಿಪ್ ಹಾಕಿದ ಚೀಲದೊಳಗಿಡಿ. ಜಿಂಕೆಗಳು ಕಾಗದವನ್ನೂ ಕಿತ್ತು ತಿನ್ನುತ್ತವೆ.