ಅಡಿಕೆ ತೋಟ, ಶಾಲೆಗೆ ಹೋಗುವ ಮಗು, ಸಹಯೋಗಿ ವಿಚ್ಛೇದನ: ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ಮೇಡಂ, ನಾವಿಬ್ಬರೂ ಬೇರೆಯಾಗೋದು ಅಂತ ತೀರ್ಮಾನ ಆಗಿದೆ. ಎಂಟು ವರ್ಷದ ಮಗಳಿದ್ದಾಳೆ. ಕೋರ್ಟಲ್ಲಿ ಒಬ್ಬರ ಮೇಲೊಬ್ಬರು ಆರೋಪ ಹೊರಿಸೋದು ಬೇಡ. ಸಹಯೋಗಿ ವಿಚ್ಛೇದನ ನಮ್ಮಲ್ಲಿ ನಡೆಯುತ್ತಾ? ಯಜಮಾನರಿಗೆ ತೋಟದ ಆದಾಯ ಬಿಟ್ಟು ಬೇರೆ ಇಲ್ಲ.

ಉತ್ತರ (ಕೌಟುಂಬಿಕ ವಕೀಲೆ): ನಡೆಯುತ್ತೆ. ಸಹಯೋಗಿ ವಿಚ್ಛೇದನ ಅಂದರೆ ಕೋರ್ಟಲ್ಲಿ ಜಗಳಾಡದೆ ಇಬ್ಬರೂ ತಂತಮ್ಮ ವಕೀಲರ ಜೊತೆ ಕೂತು ಮಾತಾಡಿ ಎಲ್ಲ ಇತ್ಯರ್ಥ ಮಾಡಿಕೊಳ್ಳೋದು. ಇದು 1990ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಸ್ಟು ವೆಬ್ ಎಂಬ ವಕೀಲರು ಶುರು ಮಾಡಿದ ಪದ್ಧತಿ. ನಮ್ಮಲ್ಲಿ ಇದಕ್ಕೆಂದೇ ಕಾಯ್ದೆ ಇಲ್ಲ. ಮಾತುಕತೆ ಈ ರೀತಿ ಮುಗಿಸಿ, ಡಿಕ್ರಿಗೆ (ಕೋರ್ಟಿನ ವಿಚ್ಛೇದನ ಆದೇಶಕ್ಕೆ) ಹಿಂದೂ ವಿವಾಹ ಕಾಯ್ದೆಯ ಕಲಂ 13ಬಿ (ಪರಸ್ಪರ ಒಪ್ಪಿಗೆಯ ವಿಚ್ಛೇದನ) ಅಡಿ ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಅದಕ್ಕೆ ಮೊದಲು ಒಂದು ವರ್ಷ ಬೇರೆ ಇದ್ದಿರಬೇಕು.

ಇಬ್ಬರಿಗೂ ಬೇರೆ ಬೇರೆ ವಕೀಲರು. ಮಾತುಕತೆ ಮುರಿದರೆ ಆ ಇಬ್ಬರು ವಕೀಲರೂ ಕೋರ್ಟಿನಲ್ಲಿ ನಿಮ್ಮ ಪರ ನಿಲ್ಲುವುದಿಲ್ಲ ಅಂತ ಮೊದಲೇ ಬರೆದು ಸಹಿ ಹಾಕಿಸಿ. ಈ ಷರತ್ತೇ ಇಡೀ ಪದ್ಧತಿಯ ಜೀವ. ಇದನ್ನು ಬಿಟ್ಟರೆ ಪ್ರತಿ ಸಭೆಯಲ್ಲೂ 'ಕೇಸ್ ಹಾಕ್ತೀನಿ' ಅನ್ನೋ ಮಾತು ಬರುತ್ತೆ, ಕಾಗದಪತ್ರ ಬಚ್ಚಿಡೋದು ಶುರುವಾಗುತ್ತೆ.

ಎರಡನೆಯದು, ಲೆಕ್ಕ ಪೂರ್ತಿ ಬಿಚ್ಚಿಡುವುದು: ಪಹಣಿ, ಸೊಸೈಟಿ ಸಾಲದ ಪಾಸ್‌ಬುಕ್, ಒಡವೆ ಪಟ್ಟಿ, ಮಂಡಿಯ ಬಿಲ್. ಒಂದೇ ವರ್ಷದ ಬಿಲ್ ನೋಡಿ ಜೀವನಾಂಶ ನಿಗದಿ ಮಾಡಬೇಡಿ. ಕೊಳೆರೋಗ ಬಿದ್ದ ವರ್ಷಕ್ಕೂ ದರ ಏರಿದ ವರ್ಷಕ್ಕೂ ಅಜಗಜಾಂತರ. ಕನಿಷ್ಠ ಮೂರು ವರ್ಷದ ಸರಾಸರಿ ಹಿಡಿದು, ಕೊಯ್ಲಿನ ಕೂಲಿ, ಗೊಬ್ಬರ, ಔಷಧಿ ಖರ್ಚು ಕಳೆಯಿರಿ. ತಿಂಗಳಿಗೆ ಸಣ್ಣ ಮೊತ್ತ, ಅಡಿಕೆ ಮಾರಾಟವಾದ ಮೇಲೆ ದೊಡ್ಡ ಕಂತು ಅಂತಿಟ್ಟರೆ ಬಾಕಿ ಬೀಳುವುದು ಕಡಿಮೆ. ತೋಟ ಅವಿಭಕ್ತ ಕುಟುಂಬದ್ದಾದರೆ ನಿಮ್ಮ ಯಜಮಾನರ ಪಾಲೆಷ್ಟು ಅಂತ ಮೊದಲು ಬಿಡಿಸಿಕೊಳ್ಳಿ.

ಪ್ರಶ್ನೆ: ಒಪ್ಪಿಕೊಂಡವರು ಮಧ್ಯದಲ್ಲಿ ಮಾತು ಬದಲಿಸಿದರೆ?

ಉತ್ತರ (ವಕೀಲೆ): ಡಿಕ್ರಿ ಆಗುವವರೆಗೂ ಒಪ್ಪಿಗೆ ಹಿಂಪಡೆಯಬಹುದು. ಅದಕ್ಕೇ ಹಣವನ್ನೆಲ್ಲ ಮೊದಲೇ ಕೊಡಬಾರದು. ಅರ್ಜಿ ಹಾಕುವಾಗ ಒಂದು ಭಾಗ, ಆರು ತಿಂಗಳ ನಂತರ ಇಬ್ಬರೂ ಮತ್ತೆ ಕೋರ್ಟಿಗೆ ಬಂದು ಒಪ್ಪಿಗೆ ಹೇಳುವ ಎರಡನೇ ಹೇಳಿಕೆಯ ದಿನ ಉಳಿದದ್ದು ಡಿಡಿಯಲ್ಲಿ. ನಡುವೆ ಕಾಯಬೇಕಾದ ಈ ಆರು ತಿಂಗಳನ್ನು, ಎಲ್ಲ ಇತ್ಯರ್ಥವಾಗಿದ್ದರೆ, ನ್ಯಾಯಾಲಯ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೊಂದು ಮಾತು: ನಿಮ್ಮ ಜೀವನಾಂಶ ನೀವು ಬಿಟ್ಟುಕೊಡಬಹುದು, ಮಗಳದ್ದನ್ನು ಬಿಟ್ಟುಕೊಡಲು ನಿಮಗೆ ಹಕ್ಕಿಲ್ಲ.

ಉತ್ತರ (ಮಕ್ಕಳ ಆಪ್ತಸಮಾಲೋಚಕಿ): ಮಗಳ ವಿಷಯದಲ್ಲಿ 'ಪರಸ್ಪರ ಅನುಕೂಲದಂತೆ ಭೇಟಿ' ಅಂತ ದಯವಿಟ್ಟು ಬರೆಯಬೇಡಿ, ಮೊದಲ ಜಗಳ ಅಲ್ಲೇ. ಯಾವ ಶನಿವಾರ, ಎಷ್ಟು ಗಂಟೆಗೆ, ಯಾರು ಕರೆದುಕೊಂಡು ಹೋಗಬೇಕು, ದಸರಾ ರಜೆ ಯಾರಲ್ಲಿ, ಬೇಸಿಗೆ ರಜೆ ಹೇಗೆ ಭಾಗ, ಎಲ್ಲ ಬರೆಯಿರಿ. ನಮ್ಮ ಕಡೆ ಜುಲೈಯಲ್ಲಿ ಮಳೆ ರಜೆ ದಿಢೀರ್ ಬರುತ್ತೆ, ಬಸ್ಸೂ ನಿಲ್ಲುತ್ತೆ. ಆ ವಾರ ತಪ್ಪಿದ ಭೇಟಿ ಮುಂದಿನ ವಾರಕ್ಕೆ ಅಂತ ಸೇರಿಸಿ. 'ಯಾರ ಹತ್ರ ಇರ್ತೀಯ?' ಅಂತ ಅವಳನ್ನು ಕೇಳಬೇಡಿ. ಅವಳಿಗೆ ಏನು ಬೇಕು ಅನ್ನೋದನ್ನು ಇಬ್ಬರೂ ಸೇರಿ ಆರಿಸಿದ ಸಮಾಲೋಚಕರು ಮಾತಾಡಿಸಿ ತಿಳಿಯಲಿ.

ಪ್ರಶ್ನೆ (ಸಾಗರದಿಂದ): ಮನೆಯಲ್ಲಿ ಹೊಡೆತ ಇದ್ದರೂ ಹೀಗೆ ಕೂತು ಮಾತಾಡಬಹುದಾ?

ಉತ್ತರ (ವಕೀಲೆ): ಬೇಡ. ಹೆದರಿಕೊಂಡು ಕೂತವರ ಸಹಿಗೆ ಒಪ್ಪಿಗೆ ಅನ್ನಲಾಗದು. ಮೊದಲು ಕೌಟುಂಬಿಕ ದೌರ್ಜನ್ಯ ಕಾಯ್ದೆ 2005ರ ಅಡಿ ರಕ್ಷಣಾ ಆದೇಶ ಪಡೆಯಿರಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.