ವರ್ಷತೊಡಕಿನ ಗುಡ್ಡೆ ಮಾಂಸ: ಕುರಿ ಸಾಕುವವರ ಪ್ರಶ್ನೆ, ಪಶುವೈದ್ಯೆಯ ಉತ್ತರ

ನಿರ್ವಾಹಕರು: ಯುಗಾದಿ ಹತ್ತಿರ ಬಂತು. ಹಬ್ಬದ ಮಾರನೆಯ ದಿನದ ವರ್ಷತೊಡಕಿಗೆ ಗುಡ್ಡೆ ಮಾಂಸಕ್ಕೆ, ಅಂದರೆ ಕುರಿ ಕಡಿದು ಪಾಲು ಹಾಕಿ ಕೊಡುವ ಮಾಂಸಕ್ಕೆ, ಗಿರಾಕಿಗಳಿಂದ ಮುಂಗಡ ಪಡೆದು ಚೀಟಿ ಬರೆಸಿಕೊಂಡವರು ಈ ಗುಂಪಿನಲ್ಲಿ ಬಹಳ ಮಂದಿ ಇದ್ದೀರಿ. ದಲ್ಲಾಳಿಗೆ ಕೊಡದೆ, ಮನೆಯ ಮಂದೆಯ ಕುರಿಯನ್ನು ಗಿರಾಕಿಗೆ ನೇರವಾಗಿ ಕೊಡುವವರ ಪ್ರಶ್ನೆಗಳಿಗೆ ಡಾಕ್ಟರಮ್ಮ ಇಂದಿನಿಂದ ಉತ್ತರಿಸುತ್ತಾರೆ. ಕುರಿಯ ವಯಸ್ಸು, ಮೇವು, ಹಾಕಿದ ಔಷಧ ಇಷ್ಟನ್ನೂ ಬರೆದು ಕೇಳಿ. ಫಾರ್ವರ್ಡ್ ಸಂದೇಶ ದಯವಿಟ್ಟು ಬೇಡ.

ನಾಗಮಂಗಲದ ಹಟ್ಟಿ: ನಮಸ್ಕಾರ ಮೇಡಂ. 30 ಕಿಲೋ ತೂಗುವ ಟಗರಿನಲ್ಲಿ 18 ಕಿಲೋ ಮಾಂಸ ಸಿಗುತ್ತದೆ ಎಂದು ಲೆಕ್ಕ ಹಾಕಿ ಚೀಟಿ ಬರೆದಿದ್ದೇನೆ. ಸರಿಯೇ?

ಡಾಕ್ಟರಮ್ಮ: ಸಿಗುವುದಿಲ್ಲ. ನಮ್ಮ ನಾಟಿ ಕುರಿಗಳಲ್ಲಿ ಜೀವತೂಕದ ನೂರಕ್ಕೆ 45ರಿಂದ 50ರಷ್ಟು ಮಾತ್ರ ಮಾಂಸ ಬರುತ್ತದೆ. ನಿಮ್ಮ ಟಗರಿಗೆ ಹದಿಮೂರೂವರೆಯಿಂದ ಹದಿನೈದು ಕಿಲೋ. ತಲೆ, ಕಾಲು, ಬೋಟಿ ಬೇರೆ. ಅದೂ ಹಸಿದ ಹೊಟ್ಟೆಯಲ್ಲಿ ತೂಗಿದ್ದರೆ. ಮೇಯ್ದು ಬಂದ ಕುರಿಯನ್ನು ತೂಗಿದರೆ ಹೊಟ್ಟೆಯಲ್ಲಿರುವ ಹುಲ್ಲನ್ನೂ ತೂಗಿದಂತೆ. ಹಿಂದಿನ ರಾತ್ರಿ ಮೇವು ನಿಲ್ಲಿಸಿ, ನೀರನ್ನು ಮಾತ್ರ ಕೊಡುತ್ತಿರಿ. ಚೀಟಿಯವರಿಗೆ ಈಗಲೇ ನಿಜವಾದ ತೂಕ ತಿಳಿಸಿ.

ಚನ್ನಪಟ್ಟಣದ ಸದಸ್ಯ: ಕಡಿಯುವ ವಾರ ಜಂತಿನ ಔಷಧ ಕುಡಿಸಿದರೆ ಮಾಂಸ ಚೆನ್ನಾಗಿರುತ್ತದೆ ಎನ್ನುತ್ತಾರೆ. ಕುಡಿಸಲೇ?

ಡಾಕ್ಟರಮ್ಮ: ಬೇಡ. ಯಾವ ಔಷಧವಾದರೂ ಕೊಟ್ಟ ಮೇಲೆ ಮಾಂಸ ಬಳಸಲು ಕಾಯಬೇಕಾದ ಅವಧಿ ಎಂದೊಂದಿದೆ, ಅದು ಸೀಸೆಯ ಮೇಲೆಯೇ ಬರೆದಿರುತ್ತದೆ. ಬಹಳ ದಿನ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಚುಚ್ಚಿಸಿದ್ದರೆ ನಾನು 28 ದಿನ ಕಾಯಿಸುತ್ತೇನೆ. ಜಂತಿನ ಔಷಧವಾದ ಐವರ್ಮೆಕ್ಟಿನ್ ಚುಚ್ಚುಮದ್ದಿಗೂ ವಾರಗಳ ಲೆಕ್ಕವೇ. ಯಾವ ಕುರಿಗೆ ಯಾವ ತಾರೀಖು ಏನು ಕೊಟ್ಟಿರಿ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಂತೆಯಲ್ಲಿ ಮಾರಿದಾಗ ನಿಮ್ಮನ್ನು ಯಾರೂ ಕೇಳುತ್ತಿರಲಿಲ್ಲ. ಈಗ ನಿಮ್ಮ ಮನೆಯ ಹೆಸರು ಹೇಳಿ ಮಾರುತ್ತಿದ್ದೀರಿ, ಗಿರಾಕಿ ಕೇಳಿದರೆ ಆ ಪುಸ್ತಕ ತೆರೆದು ತೋರಿಸುವಂತಿರಬೇಕು.

ಮಾಗಡಿಯ ಕುರಿಮನೆ: ಕುಂಟುತ್ತಿರುವ ಟಗರಿಗೆ ಔಷಧದ ಅಂಗಡಿಯವರು ಮನುಷ್ಯರ ನೋವಿನ ಮದ್ದು ಡೈಕ್ಲೋಫಿನ್ಯಾಕ್ ಚುಚ್ಚುಮದ್ದು ಕೊಟ್ಟಿದ್ದಾರೆ. ಎಷ್ಟು ಎಂ.ಎಲ್. ಹಾಕಲಿ?

ಡಾಕ್ಟರಮ್ಮ: ಒಂದು ತೊಟ್ಟೂ ಹಾಕಬೇಡಿ. ಜಾನುವಾರುಗಳಿಗೆ ಡೈಕ್ಲೋಫಿನ್ಯಾಕ್ ಕೊಡುವುದನ್ನು 2006ರಲ್ಲೇ ನಿಷೇಧಿಸಲಾಗಿದೆ. ಆ ಔಷಧ ಉಳಿದ ಹೆಣವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ನಿಮಗೆ ಹತ್ತಿರದ ರಾಮದೇವರ ಬೆಟ್ಟದಲ್ಲಿ ಉಳಿದಿರುವುದು ಬೆರಳೆಣಿಕೆಯ ಹದ್ದುಗಳು. ಅದರ ಬದಲಿಗೆ ಮೆಲಾಕ್ಸಿಕ್ಯಾಮ್ ಇದೆ, ಆಸ್ಪತ್ರೆಯಲ್ಲಿ ಕೇಳಿ. ಮೊದಲು ಗೊರಸಿನ ಸಂದಿಯನ್ನು ತೊಳೆದು ನೋಡಿ, ಅಲ್ಲಿ ಕೊಳೆತಿದ್ದರೆ ನೋವಿನ ಮದ್ದಿನಿಂದ ವಾಸಿಯಾಗುವುದಿಲ್ಲ.

ಮದ್ದೂರಿನ ಸದಸ್ಯ: (ಫಾರ್ವರ್ಡ್) ಹೊಟ್ಟೆಯ ಜಂತು ಬೇರುಸಹಿತ ಹೋಗಲು ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ ಕುರಿಗೆ ಗೊಟ್ಟ ಹಾಕಿ. ಹೊಟ್ಟೆ ಉಬ್ಬರಕ್ಕೆ ಸೀಮೆಎಣ್ಣೆ ಕುಡಿಸಿ. ಎಲ್ಲರಿಗೂ ಹಂಚಿ.

ಡಾಕ್ಟರಮ್ಮ: ಹಂಚಬೇಡಿ, ಅಳಿಸಿ. ಮೈಲುತುತ್ತ ಎಂದರೆ ತಾಮ್ರ. ದನಕ್ಕಿಂತಲೂ ಮೇಕೆಗಿಂತಲೂ ಕುರಿಗೆ ತಾಮ್ರದ ವಿಷ ಬೇಗ ಏರುತ್ತದೆ. ಯಕೃತ್ತಿನಲ್ಲಿ ಸದ್ದಿಲ್ಲದೆ ಕೂಡಿಕೊಂಡು ಒಂದು ದಿನ ರಕ್ತಕ್ಕೆ ಇಳಿಯುತ್ತದೆ. ಆಗ ಕಣ್ಣು ಹಳದಿಯಾಗುತ್ತದೆ, ಉಚ್ಚೆ ಕಪ್ಪಾಗುತ್ತದೆ, ಕುರಿ ಉಳಿಯುವುದಿಲ್ಲ. ದನದ ಖನಿಜ ಮಿಶ್ರಣವನ್ನು ಕುರಿಗೆ ತಿನ್ನಿಸಬೇಡಿ ಎನ್ನುವುದೂ ಇದಕ್ಕೇ. ಸೀಮೆಎಣ್ಣೆ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದರೆ ಎರಡೇ ದಿನದಲ್ಲಿ ನ್ಯುಮೋನಿಯಾ. ಜಂತಿದೆಯೇ ಎಂದು ತಿಳಿಯಲು ಕೆಳಗಿನ ಕಣ್ಣುರೆಪ್ಪೆ ಮಡಚಿ ನೋಡಿ. ಒಳಗೆ ಬಿಳಿಚಿಕೊಂಡು, ಗದ್ದದ ಕೆಳಗೆ ನೀರು ತುಂಬಿದ ಚೀಲದಂತಿದ್ದರೆ ರಕ್ತ ಹೀರುವ ಹುಳು ಬಿದ್ದಿದೆ. ಅಂಥವಕ್ಕೆ ಮಾತ್ರ ಔಷಧ ಕೊಡಿ.

ಮದ್ದೂರಿನ ಸದಸ್ಯ: ನಮ್ಮ ತಾತನ ಕಾಲದಿಂದ ಮಾಡುತ್ತಿದ್ದೇವೆ ಮೇಡಂ.

ಡಾಕ್ಟರಮ್ಮ: ಸತ್ತ ಕುರಿಗಳ ಲೆಕ್ಕವನ್ನೂ ತಾತನ ಕಾಲದಿಂದ ಇಟ್ಟಿದ್ದರೆ ತನ್ನಿ, ಮಾತಾಡೋಣ.

ಟೆಕ್ಸಾಸ್‌ನ ಕನ್ನಡಿಗ: ಇಲ್ಲಿ ಅಪ್ಪ ಮಕ್ಕಳು ಸೇರಿ ನಡೆಸುವ ದನದ ರ‍್ಯಾಂಚುಗಳು ಬಹಳ. ಗಿರಾಕಿಗಳು ಮುಂಗಡ ಕೊಟ್ಟು ಅರ್ಧ ದನ, ಕಾಲು ದನ ಎಂದು ಬರೆಸುತ್ತಾರೆ. ಕಸಾಯಿಖಾನೆಯಲ್ಲಿ ಕಡಿಸಿ, ತುಂಡು ಮಾಡಿಸಿ, ಕಾಗದ ಸುತ್ತಿಸಿ ಒಯ್ದು ವರ್ಷವಿಡೀ ಫ್ರೀಜರ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ತುಂಡಿನ ಲೆಕ್ಕದಲ್ಲಿ ಚಿಲ್ಲರೆಯಾಗಿ ಮಾರಬೇಕಾದರೆ ಸರ್ಕಾರಿ ತಪಾಸಣೆಯ ಮುದ್ರೆ ಬೇಕು. ನಮ್ಮ ಗುಡ್ಡೆ ಪದ್ಧತಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಊರಿನಲ್ಲಿ ಇರುವ ತಮ್ಮ ದನದಲ್ಲೂ ಹೀಗೆ ಮಾಡಬಹುದೇ ಎಂದು ಕೇಳುತ್ತಿದ್ದಾನೆ.

ತುಮಕೂರಿನ ಸದಸ್ಯ: ಹಬ್ಬದ ಹೊತ್ತಿಗೆ ಈ ಮಾತು ಇಲ್ಲಿ ಬೇಕಿತ್ತೇ?

ಕೋಲಾರದ ಸದಸ್ಯ: ಕೇಳಿದ್ದರಲ್ಲಿ ತಪ್ಪೇನು? ತಿನ್ನುವವರ ತಟ್ಟೆ ಅವರದು.

ತುಮಕೂರಿನ ಸದಸ್ಯ: ಕುರಿಯ ಗುಂಪಿನಲ್ಲಿ ತಟ್ಟೆಯ ಪಾಠ ಬೇಡ.

ಡಾಕ್ಟರಮ್ಮ: ಕಾನೂನು ಕೇಳಿದ್ದಾರೆ, ಹೇಳುತ್ತೇನೆ. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯಿದೆ. ಹಸು, ಕರು, ಎತ್ತು, ಹೋರಿ ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಪ್ರಮಾಣಪತ್ರದ ಮೇಲೆ ಅವಕಾಶ. ನಿಮ್ಮ ತಮ್ಮ ಮಾಡುವಂತಿಲ್ಲ. ಇಷ್ಟೇ.

ನಿರ್ವಾಹಕರು: ಇದರ ಮುಂದಿನ ಆರು ಸಂದೇಶಗಳನ್ನು ಅಳಿಸಿದ್ದೇನೆ. ಕುರಿ, ಮೇಕೆಯ ಪ್ರಶ್ನೆ ಮಾತ್ರ.

ಕೆರೆಕೋಡಿ ಕುರಿಮನೆ: ಡಾಕ್ಟರಮ್ಮ, ಬೇಗ ನೋಡಿ. ನಿನ್ನೆ ಸಂಜೆ ಚೆನ್ನಾಗಿದ್ದ ಎರಡು ಕುರಿ ಬೆಳಗ್ಗೆ ಹಟ್ಟಿಯಲ್ಲಿ ಸತ್ತು ಬಿದ್ದಿದ್ದವು. ಮೂಗಿನಿಂದ ಕಪ್ಪು ರಕ್ತ, ಹೊಟ್ಟೆ ಊದಿದೆ. ಹೋದ ವಾರದ ಮಳೆಯ ನಂತರ ಕೆರೆಯಂಗಳದಲ್ಲಿ ಚಿಗುರು ಮೇಯಿಸಿದ್ದೆವು. ಕರುಳುಬೇನೆಯೇ? ಇನ್ನೂ 40 ಕುರಿಗಳಿವೆ.

ಡಾಕ್ಟರಮ್ಮ: ರಕ್ತ ಹೆಪ್ಪುಗಟ್ಟಿದೆಯೇ? ಕಾಲು ಸೆಟೆದಿವೆಯೇ? ಹೆಣ ಈಗ ಎಲ್ಲಿದೆ?

ಕೆರೆಕೋಡಿ ಕುರಿಮನೆ: ರಕ್ತ ನೀರಿನಂತೆ ಇನ್ನೂ ಇಳಿಯುತ್ತಿದೆ. ಕಾಲು ಮಡಚಲು ಬರುತ್ತದೆ. ಒಂದು ಹಟ್ಟಿಯಲ್ಲೇ ಇದೆ. ಇನ್ನೊಂದನ್ನು ಭಾವನವರು ಸುಲಿದು ಗುಡ್ಡೆ ಹಾಕಿದ್ದಾರೆ, ನಾಲ್ಕು ಮನೆಗೆ ಹೋಗಿದೆ. ಸತ್ತು ಬಹಳ ಹೊತ್ತಾಗಿರಲಿಲ್ಲ.

ಡಾಕ್ಟರಮ್ಮ: ಬೇರೆ ಎಲ್ಲರೂ ಸ್ವಲ್ಪ ಸುಮ್ಮನಿರಿ, ಇದು ಮುಗಿಯಲಿ.

ಇದು ನೆರಡಿ ಇರಬಹುದು, ಅಂದರೆ ಅಂಥ್ರಾಕ್ಸ್. ಮಳೆಯ ಹೊಸ ಚಿಗುರು ತಿಂದು ಕರುಳುಬೇನೆಯಲ್ಲೂ ಕುರಿ ಹೀಗೆ ರಾತ್ರೋರಾತ್ರಿ ಸಾಯುತ್ತದೆ, ನಿಜ. ಆದರೆ ಹೆಪ್ಪುಗಟ್ಟದ ಕಪ್ಪು ರಕ್ತ, ಸೆಟೆಯದ ಕಾಲು, ಬೇಗನೆ ಊದಿದ ಹೊಟ್ಟೆ, ಈ ಮೂರೂ ಸೇರಿದರೆ ಪರೀಕ್ಷೆಯಾಗುವವರೆಗೆ ನೆರಡಿ ಎಂದೇ ನಡೆದುಕೊಳ್ಳಬೇಕು. ಹಟ್ಟಿಯಲ್ಲಿರುವ ಹೆಣವನ್ನು ಯಾರೂ ಮುಟ್ಟಬೇಡಿ, ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ಹೆಣ ಕೊಯ್ಯದೆ ಇಡಿಯಾಗಿದ್ದರೆ ಒಳಗಿನ ರೋಗಾಣು ಕೊಳೆಯುವಾಗ ಬಹುಪಾಲು ಸಾಯುತ್ತದೆ. ಕೊಯ್ದು ಗಾಳಿ ಸೋಕಿಸಿದರೆ ಅದು ಗಟ್ಟಿ ಕವಚ ಹೊದ್ದು ಬೀಜಕವಾಗುತ್ತದೆ, ಮಣ್ಣಿನಲ್ಲಿ ಹತ್ತಾರು ವರ್ಷ ಕಾದು ಕೂರುತ್ತದೆ. ಕೆರೆಯಂಗಳದಲ್ಲಿ ಹುಲ್ಲು ಗಿಡ್ಡವಾಗಿರುವಾಗ ಕುರಿಗಳು ಮಣ್ಣಿನ ಸಮೇತ ಕಿತ್ತು ತಿನ್ನುತ್ತವೆ. ಹಿಂದೆ ಎಂದೋ ಅಲ್ಲಿ ಬಿಸಾಡಿದ ಹೆಣದ ಬೀಜಕ ಇವತ್ತು ಕುರಿಯ ಹೊಟ್ಟೆಗೆ ಹೋಗುವುದು ಹಾಗೆ.

ಈಗಲೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ, ತಾಲ್ಲೂಕು ಪಶು ಆಸ್ಪತ್ರೆಗೂ ತಿಳಿಸಿ. ಅವರು ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದಕ್ಕೆ ಹೊಟ್ಟೆ ಕೊಯ್ಯುವ ಅಗತ್ಯವಿಲ್ಲ. ನಾಯಿ, ಕಾಗೆ ಬಾರದಂತೆ ಹೆಣವನ್ನು ಕಾಯಿರಿ. ನಾಲ್ಕೂ ಮನೆಗೆ ನೀವೇ ಹೋಗಿ ಮಾಂಸ ವಾಪಸ್ ತನ್ನಿ. ಬೇಯಿಸಿದ್ದರೆ ಪಾತ್ರೆ ಸಮೇತ ತನ್ನಿ. ಕೈಗೆ ಪ್ಲಾಸ್ಟಿಕ್ ಕಟ್ಟಿಕೊಳ್ಳಿ, ಗಾಯವಿದ್ದವರು ಮುಟ್ಟಲೇಬೇಡಿ. ಸುಲಿದವರು, ಕತ್ತರಿಸಿದವರು, ತಿಂದವರು ಎಲ್ಲರೂ ಇಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ನೆರಡಿಯಿಂದ ಸತ್ತಿರಬಹುದಾದ ಕುರಿಯನ್ನು ಮುಟ್ಟಿದ್ದೇವೆ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದಿಲ್ಲ. ಚರ್ಮದ ಮೇಲೆ ನೋವಿಲ್ಲದ ಗುಳ್ಳೆ ಎದ್ದು ನಡುವೆ ಕಪ್ಪಾದರೆ ತಡ ಮಾಡಬೇಡಿ. ಬೇಗ ಹೋದರೆ ಮಾತ್ರೆಯಿಂದ ಗುಣವಾಗುವ ಕಾಯಿಲೆ ಇದು, ಹೆದರಿ ಬಚ್ಚಿಡಬೇಡಿ.

ಮದ್ದೂರಿನ ಸದಸ್ಯ: ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ. ಸತ್ತ ಕುರಿ ತಿಂದು ಬೆಳೆದವರು ನಾವು.

ಡಾಕ್ಟರಮ್ಮ: ಒಲೆಯ ಮೇಲಿನ ಕುದಿತಕ್ಕೆ ಬೀಜಕ ಸಾಯುತ್ತದೆ ಎಂದು ನಂಬುವಂತಿಲ್ಲ. ಬೇಯುವ ಮೊದಲು ಅದನ್ನು ತೊಳೆದು ಹೆಚ್ಚಿದ ಹೆಂಗಸಿನ ಕೈಗೆ ಏನು ಹೇಳುತ್ತೀರಿ? ಇನ್ನೊಂದು ಸಾರಿ ಇಂಥ ಮಾತು ಬರೆದರೆ ನಿಮ್ಮನ್ನು ತೆಗೆಯುವಂತೆ ನಾನೇ ನಿರ್ವಾಹಕರಿಗೆ ಹೇಳುತ್ತೇನೆ.

ಕೆರೆಕೋಡಿ ಕುರಿಮನೆ: ಹೊರಟಿದ್ದೇವೆ. ಒಂದು ಮಾತು: ಮರಣೋತ್ತರ ಪರೀಕ್ಷೆ ಇಲ್ಲದಿದ್ದರೆ ಕುರಿ ಸತ್ತರೆ ಸರ್ಕಾರ ಕೊಡುವ ಅನುಗ್ರಹ ಯೋಜನೆಯ ಪರಿಹಾರ ಸಿಗುವುದಿಲ್ಲವೆಂದು ಭಾವ ಹೇಳುತ್ತಿದ್ದಾರೆ.

ಡಾಕ್ಟರಮ್ಮ: ಹೆಣ ಕೊಯ್ಯಬೇಡಿ. ಪರಿಹಾರದ ಕಾಗದವನ್ನು ಬರುವ ವೈದ್ಯರ ಹತ್ತಿರ ಕೇಳಿ. ಮೊದಲು ಮಾಂಸ ವಾಪಸ್ ತನ್ನಿ.

ನಾಗಮಂಗಲದ ಹಟ್ಟಿ: ಮೇಡಂ, 32 ಕಿಲೋ ಟಗರಾದರೆ ಎಷ್ಟು ಮಾಂಸ?

ಡಾಕ್ಟರಮ್ಮ: ಮೇಲೆ ಬರೆದಿದ್ದೇನೆ.

ಕನಕಪುರದ ಸದಸ್ಯ: ನೋಂದಣಿ ಬೇಕೇ? ಮನೆಯ ಅಂಗಳದಲ್ಲೇ ಕಡಿಯುತ್ತೇವೆ.

ಡಾಕ್ಟರಮ್ಮ: ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ವ್ಯಾಪಾರ ದೊಡ್ಡದಾದರೆ ಪರವಾನಗಿ. ಪಟ್ಟಣದ ಮಿತಿಯಲ್ಲಿದ್ದರೆ ಮಾನ್ಯತೆ ಪಡೆದ ಕಸಾಯಿಖಾನೆಯಲ್ಲಿಯೇ ಕಡಿಸಬೇಕು. ಕಸಾಯಿಖಾನೆಗಳ 2001ರ ನಿಯಮಗಳ ಪ್ರಕಾರ ಗಬ್ಬದ ಕುರಿಯನ್ನೂ ಮೂರು ತಿಂಗಳೊಳಗಿನ ಮರಿಯಿರುವ ತಾಯಿಯನ್ನೂ ಅಲ್ಲಿ ಕಡಿಯುವಂತಿಲ್ಲ.

ಮಳವಳ್ಳಿಯ ಬಂಡೂರು ಮನೆ: ವರ್ಷತೊಡಕಿಗೆ ಅಪ್ಪಟ ಬಂಡೂರು ತಳಿಯ ಮರಿಗಳಿವೆ, ಚಿತ್ರ ಹಾಕಿದ್ದೇನೆ, ಬೇಕಾದವರು ತಿಳಿಸಿ.

ಟಿ. ನರಸೀಪುರದ ಸದಸ್ಯ: ಚಿತ್ರದಲ್ಲಿ ಇರುವುದು ಬಂಡೂರಲ್ಲ. ಕಾಲು ಅಷ್ಟು ಉದ್ದವಿರುವ ಬಂಡೂರನ್ನು ನಾನು ನೋಡಿಲ್ಲ. ಅದು ಗಿಡ್ಡ ಕಾಲಿನ, ಉರುಳೆಯಂಥ ಮೈಯ ಕುರಿ.

ಮಳವಳ್ಳಿಯ ಬಂಡೂರು ಮನೆ: ಬಂಡೂರು ಎಂಬ ಊರಿರುವುದು ನಮ್ಮ ತಾಲ್ಲೂಕಿನಲ್ಲಿ. ನಮಗೆ ಹೇಳಿಕೊಡಬೇಡಿ.

ಟಿ. ನರಸೀಪುರದ ಸದಸ್ಯ: ಊರು ನಿಮ್ಮ ತಾಲ್ಲೂಕಿನಲ್ಲಿದ್ದರೆ ಮಂಡ್ಯ ಸಂತೆಯಲ್ಲಿ ಕೊಂಡ ಮಿಶ್ರತಳಿ ಬಂಡೂರಾಗುವುದಿಲ್ಲ. ನಿಮ್ಮಂಥವರು ಎರಡರಷ್ಟು ಬೆಲೆ ಕೇಳಿ ಗಿರಾಕಿಯ ನಂಬಿಕೆ ಕೆಡಿಸುತ್ತಿದ್ದೀರಿ, ನಿಜವಾದ ತಳಿ ಉಳಿಸಿಕೊಂಡವರು ನಷ್ಟ ಅನುಭವಿಸುತ್ತಿದ್ದಾರೆ.

ಮಳವಳ್ಳಿಯ ಬಂಡೂರು ಮನೆ: ಮನೆಗೆ ಬಂದು ನೋಡಿ ಮಾತಾಡಿ. ಬರುವ ಧೈರ್ಯವಿಲ್ಲದಿದ್ದರೆ ಬಾಯಿ ಮುಚ್ಚಿ.

ಕೊಪ್ಪಳದ ಸದಸ್ಯ: ನಮ್ಮ ಕಡೆಯ ಕೆಂಗುರಿ ತಳಿ ಒಮ್ಮೆ ಸಾಕಿ ನೋಡಿ, ಇಬ್ಬರ ಜಗಳವೂ ನಿಲ್ಲುತ್ತದೆ.

ಹುಣಸೂರಿನ ಸದಸ್ಯೆ: ಮೇಡಂ, ನನ್ನ ಪ್ರಶ್ನೆ ಬೆಳಗ್ಗೆಯಿಂದ ಹಾಗೇ ಇದೆ. ಮದುವೆ ಮನೆಯ ಉಳಿದ ಅನ್ನ ತಿಂದು ಹೋತ ಮಲಗಿಬಿಟ್ಟಿದೆ, ಹಲ್ಲು ಕಡಿಯುತ್ತಿದೆ.

ಡಾಕ್ಟರಮ್ಮ: ಕ್ಷಮಿಸಿ ತಾಯಿ, ಈ ಜಗಳದ ನಡುವೆ ಕಾಣಲಿಲ್ಲ. ಅನ್ನ ಹೊಟ್ಟೆಯಲ್ಲಿ ಹುಳಿಯಾಗಿ ಆಮ್ಲ ಏರಿದೆ. ಅಡುಗೆ ಸೋಡಾವನ್ನು ನೀರಿನಲ್ಲಿ ಕದಡಿ, ಎದ್ದು ನಿಲ್ಲುವಂತಿದ್ದರೆ ಮಾತ್ರ, ತಲೆ ಮೇಲೆತ್ತದೆ ನಿಧಾನವಾಗಿ ಕುಡಿಸಿ. ಏಳಲಾರದಿದ್ದರೆ ಬಾಯಿಗೆ ಏನೂ ಹಾಕದೆ ವೈದ್ಯರನ್ನು ಕರೆಸಿ, ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ. ಅನ್ನ, ಜೋಳ ಇನ್ನು ಮುಂದೆ ಅದರ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಚನ್ನಪಟ್ಟಣದ ಇನ್ನೊಬ್ಬ ಸದಸ್ಯ: ಕಡಿಯುವ ವಾರ ಜಂತಿನ ಔಷಧ ಕೊಡಬಹುದೇ?

ಡಾಕ್ಟರಮ್ಮ: ಇಲ್ಲ. ಮೇಲೆ ಓದಿ.

ಪಾಂಡವಪುರದ ಸದಸ್ಯ: ಮಾಂಸವನ್ನು ಬೆಂಗಳೂರಿಗೆ ಕಳಿಸಲು ಐಸ್ ಪೆಟ್ಟಿಗೆ ಸಾಕೇ? ಎಷ್ಟು ಹೊತ್ತು ಇರುತ್ತದೆ?

ಮಂಡ್ಯದ ಸದಸ್ಯ: ನಾರಿ ಸುವರ್ಣ ತಳಿಯ ಟಗರು ಯಾರಲ್ಲಿದೆ?

ಕೆರೆಕೋಡಿ ಕುರಿಮನೆ: ಡಾಕ್ಟರಮ್ಮ, ವೈದ್ಯರು ಬಂದು ನೋಡಿದರು. ಗಾಜಿನ ಮೇಲೆ ಕಡ್ಡಿಯಾಕಾರದ ರೋಗಾಣು ಸರಪಳಿಯಂತೆ ಕಂಡಿತು, ನೆರಡಿ ಎಂದೇ ಹೇಳಿದ್ದಾರೆ. ಮೂರು ಮನೆಯ ಮಾಂಸ ಸಿಕ್ಕಿತು. ನಾಲ್ಕನೆಯ ಮನೆಯವರು ಮಧ್ಯಾಹ್ನವೇ ಉಂಡಿದ್ದರು. ಎಲ್ಲರೂ ಆಸ್ಪತ್ರೆಯಲ್ಲಿ ಮಾತ್ರೆ ತೆಗೆದುಕೊಂಡಿದ್ದೇವೆ. ಆರು ಅಡಿ ಗುಂಡಿಯಲ್ಲಿ ರಕ್ತ ಬಿದ್ದ ಮಣ್ಣಿನ ಸಮೇತ ಹೂಳಿಸಿದರು. ನಾಳೆ ಉಳಿದ ಕುರಿಗಳಿಗೆ ಲಸಿಕೆ. ವರ್ಷತೊಡಕಿಗೆ ಹದಿನೆಂಟು ಮನೆಯವರ ಮುಂಗಡ ನನ್ನಲ್ಲಿದೆ. ಚೆನ್ನಾಗಿರುವ ಟಗರುಗಳಿಗೆ ಲಸಿಕೆ ಹಾಕಿಸದೆ ಕಡಿದುಕೊಡಲೇ?

ಡಾಕ್ಟರಮ್ಮ: ಬೇಡ. ಕೆರೆಯಂಗಳದಲ್ಲಿ ಜೊತೆಯಲ್ಲೇ ಮೇಯ್ದ ಕುರಿಗಳು ಅವು. ಇಂದು ಚೆನ್ನಾಗಿ ಕಂಡದ್ದು ನಾಳೆ ಬೆಳಗ್ಗೆ ಬಿದ್ದಿರಬಹುದು. ಬೆಳಗ್ಗೆ ಸಂಜೆ ಜ್ವರ ನೋಡಿ. ಜ್ವರವಿರುವುದನ್ನು ಬೇರೆ ಕಟ್ಟಿ ಚಿಕಿತ್ಸೆ ಕೊಡಿಸಿ, ಅದಕ್ಕೆ ಈಗ ಲಸಿಕೆ ಬೇಡ. ಈ ಲಸಿಕೆಯಲ್ಲಿರುವುದು ಜೀವಂತ ಬೀಜಕ, ಆ್ಯಂಟಿಬಯೋಟಿಕ್ ಜೊತೆಗೆ ಕೊಟ್ಟರೆ ಲಸಿಕೆ ವ್ಯರ್ಥ. ಉಳಿದವಕ್ಕೆಲ್ಲ ಹಾಕಿಸಿ, ಹಾಕಿಸಿದ ಮೇಲೆ ಆರು ವಾರ ಯಾವುದನ್ನೂ ಕಡಿಯಬೇಡಿ, ಮಾರಬೇಡಿ. ಅಕ್ಕಪಕ್ಕದ ಮಂದೆಗಳಿಗೂ ಹಾಕಬೇಕು, ನೀವೇ ಅವರಿಗೆ ಹೇಳಿ. ಮುಂಗಡ ಕೊಟ್ಟ ಹದಿನೆಂಟು ಮನೆಗೂ ಕಾರಣ ತಿಳಿಸಿ ಹಣ ಹಿಂದಿರುಗಿಸಿ.

ಮದ್ದೂರಿನ ಸದಸ್ಯ: ಇಷ್ಟೆಲ್ಲ ಊರಿಗೆ ಸಾರಿದರೆ ಮುಂದಿನ ವರ್ಷ ಆತನ ಹತ್ತಿರ ಯಾರು ಚೀಟಿ ಬರೆಸುತ್ತಾರೆ?

ಕೆರೆಕೋಡಿ ಕುರಿಮನೆ: ಬರೆಸದಿದ್ದರೆ ಬೇಡ ಅಣ್ಣ. ಉಂಡ ಮನೆಯಲ್ಲಿ ಐದು ವರ್ಷದ ಮಗುವಿದೆ.

ಡಾಕ್ಟರಮ್ಮ: ಆ ಮಗುವನ್ನು ಮಕ್ಕಳ ವೈದ್ಯರು ನೋಡಿದರೇ? ಮಾತ್ರೆಯ ಪ್ರಮಾಣ ಮಗುವಿನ ತೂಕದ ಮೇಲೆ ನಿರ್ಧರಿಸಬೇಕು. ಕೇಳಿ ಈಗಲೇ ತಿಳಿಸಿ. ಮಿಕ್ಕ ಪ್ರಶ್ನೆಗಳಿಗೆ ಇಂದು ಉತ್ತರಿಸುವುದಿಲ್ಲ.